ಕ್ಲಿಪ್ ಹಾಕಿದ ಮಗಳ ಬಾಯಿಗೆ ಕೈ ಹಾಕುವವರು ಯಾರು?

ಓದುಗರ ಪ್ರಶ್ನೆ: “ನಾವು ಪಾವಗಡ ತಾಲ್ಲೂಕಿನವರು. ಹದಿನಾಲ್ಕು ವರ್ಷದ ನನ್ನ ಮಗಳಿಗೆ ಎಂಟು ತಿಂಗಳ ಹಿಂದೆ ತುಮಕೂರಿನ ಒಂದು ದಂತ ಚಿಕಿತ್ಸಾಲಯದಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿದ್ದೇವೆ. ಮೇಲಿನ ಸಾಲಿನ ಎರಡು ಹಲ್ಲುಗಳನ್ನು ಕೀಳಿಸಿದ್ದಾರೆ. ತಿಂಗಳಿಗೊಮ್ಮೆ ಹೋದಾಗ ಹಳೆಯ ವೈರ್ ಬಿಚ್ಚುವುದು, ಹೊಸದನ್ನು ಹಾಕುವುದು, ಬಣ್ಣದ ರಬ್ಬರ್ ಕೂರಿಸುವುದು ಎಲ್ಲವನ್ನೂ ಅಲ್ಲಿನ ಸಹಾಯಕಿಯೇ ಮಾಡುತ್ತಾರೆ. ವೈದ್ಯರು ನಡುವೆ ಬಂದು ಎರಡು ನಿಮಿಷ ನೋಡಿ, ಏನೋ ಒಂದು ಅಂಕಿ ಹೇಳಿ ಮುಂದಿನ ಕುರ್ಚಿಗೆ ಹೋಗುತ್ತಾರೆ. ಆ ಸಹಾಯಕಿ ಪಿಯುಸಿ ಮಾತ್ರ ಓದಿದವರು, ಕೆಲಸವನ್ನು ಅಲ್ಲೇ ಕಲಿತವರು ಎಂದು ಗೊತ್ತಾಯಿತು. ಈ ನಡುವೆ ಕೆಳಗಿನ ಸಾಲಿನಲ್ಲಿ ವೈರ್ ಹಿಡಿಯಲು ಹಲ್ಲಿಗೆ ಅಂಟಿಸಿದ್ದ ಬ್ರಾಕೆಟ್ ಎರಡು ಸಲ ಬಿದ್ದುಹೋಗಿದೆ. ಒಮ್ಮೆ ವೈರ್ ಬದಲಿಸಿದ ಹತ್ತು ದಿನಕ್ಕೆ ಅದರ ತುದಿ ಕೆನ್ನೆಗೆ ಚುಚ್ಚಿ ಹುಣ್ಣಾಯಿತು. ಅಮೆರಿಕದಲ್ಲಿರುವ ನನ್ನ ತಂಗಿ ಅಲ್ಲೂ ಸಹಾಯಕರೇ ಎಲ್ಲ ಮಾಡುತ್ತಾರೆ, ಹೆದರಬೇಡ ಎನ್ನುತ್ತಾಳೆ. ನಮ್ಮ ಪಕ್ಕದ ಮನೆಯವರು ಕೂಡಲೇ ಕ್ಲಿನಿಕ್ ಬದಲಿಸಿ ಎನ್ನುತ್ತಾರೆ. ಕಳೆದ ಭಾನುವಾರ ತುಂಬ ಜನರಿದ್ದರು; ಹಿಂದಿನ ಹುಡುಗನಿಗೆ ಬಳಸಿದ ಇಕ್ಕಳವನ್ನೇ ಸ್ಪಿರಿಟ್ ಹತ್ತಿಯಿಂದ ಒರೆಸಿ ನನ್ನ ಮಗಳಿಗೆ ಬಳಸಿದಂತೆಯೂ ಕಂಡಿತು. ನಾವು ಏನು ಮಾಡಬೇಕು?”

ಉತ್ತರ: ವೈದ್ಯರಲ್ಲದವರು ಮಗಳ ಹಲ್ಲಿಗೆ ಕೈ ಹಾಕುವುದು ಸರಿಯೇ, ಬ್ರಾಕೆಟ್ ಬಿದ್ದದ್ದಕ್ಕೂ ವೈರ್ ಚುಚ್ಚಿದ್ದಕ್ಕೂ ಅವರ ಕೈಯೇ ಕಾರಣವೇ, ಚಿಕಿತ್ಸೆಯ ನಡುವೆ ಕ್ಲಿನಿಕ್ ಬದಲಿಸಬೇಕೇ ಎಂಬುದು ನಿಮ್ಮ ಆತಂಕ. ಇಕ್ಕಳದ ವಿಷಯವನ್ನು ನೀವು ಪತ್ರದ ಕೊನೆಯಲ್ಲಿ, ಇದೂ ಒಂದಿರಲಿ ಎಂಬಂತೆ ಸೇರಿಸಿದ್ದೀರಿ. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು ಅದೇ. ಅದಕ್ಕೆ ಮುಂದೆ ಬರುತ್ತೇನೆ. ಅದಕ್ಕೂ ಮೊದಲು ಆ ಕೋಣೆಯಲ್ಲಿ ಯಾರು ಏನು ಮಾಡುತ್ತಿರುತ್ತಾರೆ ಎಂಬುದನ್ನು ಬಿಡಿಸಿ ಹೇಳಿದರೆ ನಿಮ್ಮ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ವೈದ್ಯರು ಹೇಳಿ ಹೋಗುವ “ಏನೋ ಒಂದು ಅಂಕಿ”ಯಿಂದಲೇ ಆರಂಭಿಸುತ್ತೇನೆ. ಅವರು ಬಹುಶಃ “ಮೇಲೆ ಹದಿನಾರು ನೈಟೈ” ಎಂದೋ “ಹತ್ತೊಂಬತ್ತು-ಇಪ್ಪತ್ತೈದು ಸ್ಟೀಲ್” ಎಂದೋ ಹೇಳಿರುತ್ತಾರೆ. ಮೊದಲನೆಯದು 0.016 ಇಂಚು ದಪ್ಪದ, ನಿಕ್ಕಲ್ ಮತ್ತು ಟೈಟಾನಿಯಂ ಬೆರೆತ ದುಂಡು ವೈರ್. ಎಷ್ಟು ಬಾಗಿಸಿದರೂ ತನ್ನ ಮೂಲ ಕಮಾನಿನ ಆಕಾರಕ್ಕೆ ಮರಳುವ ಗುಣ ಅದಕ್ಕಿರುವುದರಿಂದ ಸೊಟ್ಟಗಿರುವ ಹಲ್ಲುಗಳನ್ನು ಮೆಲ್ಲಗೆ ಸಾಲಿಗೆ ಎಳೆಯುತ್ತದೆ. ಎರಡನೆಯದು 0.019ಕ್ಕೆ 0.025 ಇಂಚಿನ ಆಯತಾಕಾರದ ಗಟ್ಟಿ ಉಕ್ಕಿನ ವೈರ್. ಸಾಲು ನೇರವಾದ ಮೇಲೆ, ಕಿತ್ತ ಹಲ್ಲಿನ ಜಾಗವನ್ನು ಮುಚ್ಚುವ ಹಂತದಲ್ಲಿ ಬಳಸುವಂಥದ್ದು. ಯಾವ ವೈರ್ ಯಾವಾಗ, ಯಾವ ಹಲ್ಲಿಗೆ ಯಾವುದನ್ನು ಆಸರೆ ಮಾಡಿಕೊಂಡು ಎಳೆಯಬೇಕು, ಎಷ್ಟು ಬಲ ಸಾಕು ಎಂಬ ತೀರ್ಮಾನವೇ ಚಿಕಿತ್ಸೆ. ಅದಕ್ಕಾಗಿಯೇ ಐದು ವರ್ಷದ ದಂತವೈದ್ಯ ಪದವಿ ಬಿಡಿಎಸ್ ಆದ ಮೇಲೆ, ಹಲ್ಲಿನ ಸಾಲು ಸರಿಪಡಿಸುವ ಆರ್ಥೊಡಾಂಟಿಕ್ಸ್ ವಿಷಯದಲ್ಲಿ ಮೂರು ವರ್ಷದ ಸ್ನಾತಕೋತ್ತರ ಪದವಿ ಎಂಡಿಎಸ್ ಓದಬೇಕಾಗುತ್ತದೆ. ತೀರ್ಮಾನ ಆದ ಮೇಲೆ ಆ ವೈರನ್ನು ಬ್ರಾಕೆಟ್‌ಗಳ ಸೀಳಿನೊಳಗೆ ಕೂರಿಸಿ, ಒಂದೊಂದಕ್ಕೂ ರಬ್ಬರ್ ಉಂಗುರ ತೊಡಿಸುವುದು ಕೈಚಳಕದ ಕೆಲಸ. ಅದನ್ನು ಚೆನ್ನಾಗಿ ಅಭ್ಯಾಸ ಮಾಡಿದ ಸಹಾಯಕಿ ಹೊಸದಾಗಿ ಪದವಿ ಪಡೆದ ವೈದ್ಯರಿಗಿಂತ ನಯವಾಗಿ ಮಾಡುವುದನ್ನು ನಾನು ಅನೇಕ ಸಲ ನೋಡಿದ್ದೇನೆ.

ಸಹಾಯಕಿಯ ದಿನ ರೋಗಿಗಳು ಬರುವ ಎಷ್ಟೋ ಹೊತ್ತಿನ ಮೊದಲೇ ಆರಂಭವಾಗುತ್ತದೆ. ಹಿಂದಿನ ದಿನ ಆಟೊಕ್ಲೇವ್ ಎಂಬ ಹಬೆಯ ಯಂತ್ರದಲ್ಲಿ ಶುದ್ಧೀಕರಿಸಿದ ಉಪಕರಣಗಳ ಪೊಟ್ಟಣಗಳನ್ನು ಎಣಿಸಿ ಇಡಬೇಕು. ಕುರ್ಚಿಯ ನೀರಿನ ಕೊಳವೆಗಳಲ್ಲಿ ರಾತ್ರಿಯಿಡೀ ನಿಂತ ನೀರನ್ನು ಹರಿಯಬಿಡಬೇಕು. ಆ ದಿನ ಬರುವ ಪ್ರತಿಯೊಬ್ಬರ ಹಾಳೆಯನ್ನು ತೆಗೆದು, ಕಳೆದ ಸಲ ಯಾವ ವೈರ್ ಹಾಕಿತ್ತು, ಯಾವ ಬ್ರಾಕೆಟ್ ಸಡಿಲವಿತ್ತು, ಮನೆಯಲ್ಲಿ ಎಲಾಸ್ಟಿಕ್ ಹಾಕಿಕೊಳ್ಳಲು ಹೇಳಿತ್ತೇ ಎಂಬುದನ್ನು ನೋಡಿ ತಟ್ಟೆ ಜೋಡಿಸಬೇಕು. ಮಗು ಕುರ್ಚಿಗೆ ಬಂದಾಗ ಹಳೆಯ ರಬ್ಬರ್ ಉಂಗುರಗಳನ್ನು ಬಿಡಿಸಿ, ವೈರ್ ಹೊರತೆಗೆದು, ಬ್ರಷ್ ಮಾಡಿ ಬರಲು ಕಳುಹಿಸುತ್ತಾರೆ. ಆಗ ವೈದ್ಯರು ಬರಬೇಕು. ವೈರ್ ಇಲ್ಲದ, ಶುಭ್ರವಾದ ಹಲ್ಲುಗಳನ್ನು ನೋಡಿದರೆ ಮಾತ್ರ ಯಾವುದು ಎಷ್ಟು ಸರಿದಿದೆ, ವಸಡು ಊದಿದೆಯೇ, ಬ್ರಾಕೆಟ್ ಸುತ್ತ ಬಿಳಿ ಕಲೆ ಮೂಡುತ್ತಿದೆಯೇ, ಯಾವ ಹಲ್ಲು ಮಿತಿಮೀರಿ ಅಲುಗುತ್ತಿದೆ ಎಂಬುದು ತಿಳಿಯುತ್ತದೆ. ಹೊಸ ವೈರ್ ಹಾಕಿದ ಮೇಲೆ ಇನ್ನೊಮ್ಮೆ ಬಂದು ಎಲ್ಲ ಉಂಗುರಗಳೂ ಕೂತಿವೆಯೇ, ತುದಿಗಳು ಕೆನ್ನೆಗೆ ತಗಲುತ್ತವೆಯೇ, ಮಗು ಬಾಯಿ ಮುಚ್ಚಿದಾಗ ಮೇಲಿನ ಹಲ್ಲು ಕೆಳಗಿನ ಬ್ರಾಕೆಟ್‌ಗೆ ಬಡಿಯುತ್ತದೆಯೇ ಎಂದು ನೋಡಬೇಕು.

ಆದ್ದರಿಂದ ನಿಮ್ಮ ವೈದ್ಯರು ಎಷ್ಟು ನಿಮಿಷ ನಿಂತರು ಎಂಬುದಕ್ಕಿಂತ ಯಾವ ಹೊತ್ತಿನಲ್ಲಿ ಬಂದರು ಎಂಬುದನ್ನು ಗಮನಿಸಿ. ವೈರ್ ಬಿಚ್ಚಿದ ಮೇಲೆ ಒಮ್ಮೆ, ಕೆಲಸ ಮುಗಿದ ಮೇಲೆ ಒಮ್ಮೆ ಬಂದು ನೋಡಿದರೆ, ಹಲ್ಲುಗಳನ್ನು ಸಾಲಿಗೆ ತರುವ ಮೊದಲ ತಿಂಗಳುಗಳಲ್ಲಿ ಒಟ್ಟು ನಾಲ್ಕೈದು ನಿಮಿಷ ನಿಜಕ್ಕೂ ಸಾಕು. ಹಳೆಯ ವೈರ್ ಬಾಯಲ್ಲಿರುವಾಗಲೇ ದೂರದಿಂದ ಇಣುಕಿ ಅಂಕಿ ಹೇಳಿ, ಮತ್ತೆ ಬರದೆ ಕಳುಹಿಸುವುದಾದರೆ ಅದು ಸಾಲದು. ನಿಮ್ಮ ಮಗಳಿಗೆ ಇನ್ನು ಕೆಲವು ತಿಂಗಳಲ್ಲಿ ಕಿತ್ತ ಹಲ್ಲಿನ ಜಾಗ ಮುಚ್ಚುವ ಹಂತ ಬರುತ್ತದೆ, ಈಗಾಗಲೇ ಬಂದಿರಲೂಬಹುದು. ಆಗ ಮುಂದಿನ ಹಲ್ಲುಗಳು ಹಿಂದಕ್ಕೆ ಬರಬೇಕೇ ಹೊರತು ದವಡೆ ಹಲ್ಲುಗಳು ಮುಂದಕ್ಕೆ ಜಾರಬಾರದು; ಅದನ್ನು ಪ್ರತಿ ಸಲವೂ ವೈದ್ಯರೇ ಅಳೆದು ನೋಡಬೇಕು. ಕೊನೆಯ ಹಂತದಲ್ಲಿ, ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದರೊಳಗೊಂದು ಕೂರುವಂತೆ ವೈರಿಗೆ ಸಣ್ಣ ಸಣ್ಣ ತಿರುವು ಕೊಡುವಾಗ, ಎರಡು ನಿಮಿಷದಲ್ಲಿ ಏನೂ ಆಗುವುದಿಲ್ಲ.

ಇನ್ನು ವಿದ್ಯಾರ್ಹತೆ ಮತ್ತು ಕಾನೂನಿನ ಪ್ರಶ್ನೆ. ನಮ್ಮ ದೇಶದಲ್ಲಿ ದಂತವೈದ್ಯ ವೃತ್ತಿಗೆ ಚೌಕಟ್ಟು ಹಾಕಿದ್ದು 1948ರ ದಂತವೈದ್ಯರ ಕಾಯ್ದೆ. ಅದು ದಂತವೈದ್ಯರು, ಹಲ್ಲು ಶುಚಿಗೊಳಿಸುವ ಡೆಂಟಲ್ ಹೈಜಿನಿಸ್ಟ್, ಹಲ್ಲಿನ ಸೆಟ್ ಮುಂತಾದವನ್ನು ತಯಾರಿಸುವ ಡೆಂಟಲ್ ಮೆಕ್ಯಾನಿಕ್ ಎಂಬ ಮೂರು ವರ್ಗಗಳನ್ನು ಗುರುತಿಸಿ ನೋಂದಣಿಗೆ ಒಳಪಡಿಸಿತು. ಕುರ್ಚಿಯ ಪಕ್ಕ ನಿಂತು ನೆರವಾಗುವ ಸಹಾಯಕರು ಆ ಪಟ್ಟಿಯಲ್ಲಿ ಇರಲಿಲ್ಲ. ಅದರ ಸ್ಥಾನಕ್ಕೆಂದು 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿದೆ. ಅಷ್ಟು ದೀರ್ಘ ಕಾಲ ನೋಂದಣಿಯ ಹೊರಗೇ ಇದ್ದ ಕೆಲಸವಾದ್ದರಿಂದ, ಇಂದು ಕ್ಲಿನಿಕ್‌ಗಳಲ್ಲಿರುವ ಸಹಾಯಕರಲ್ಲಿ ಬಹುಪಾಲು ಜನ ನಿಮ್ಮ ಕ್ಲಿನಿಕ್ಕಿನ ಹುಡುಗಿಯಂತೆಯೇ ವೈದ್ಯರ ಪಕ್ಕದಲ್ಲಿ ನಿಂತು ಕಲಿತವರು. ಅದು ಅವರ ಅವಮಾನವೂ ಅಲ್ಲ, ಅಪರಾಧವೂ ಅಲ್ಲ. ಆದರೆ ಬಾಯೊಳಗಿನ ಚಿಕಿತ್ಸೆ ದಂತವೈದ್ಯರ ಕೆಲಸವೆಂಬುದು ಕಾಯ್ದೆಯ ಮೂಲ ಧೋರಣೆಯಾಗಿರುವುದರಿಂದ, ವೈದ್ಯರು ಕಟ್ಟಡದಲ್ಲೇ ಇಲ್ಲದ ಹೊತ್ತಿನಲ್ಲಿ ಸಹಾಯಕಿ ತಾನೇ ನಿರ್ಧರಿಸಿ ವೈರ್ ಬದಲಿಸಿದರೆ ಅದನ್ನು ಯಾವ ರೀತಿಯಲ್ಲೂ ಸಮರ್ಥಿಸಲಾಗದು. ಸಹಾಯಕಿಯ ಕೈಯಿಂದ ಏನೇ ಆದರೂ ಅದರ ಹೊಣೆ ಪೂರ್ತಿಯಾಗಿ ವೈದ್ಯರದ್ದೇ.

ನಿಮ್ಮ ತಂಗಿ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಅಮೆರಿಕದಲ್ಲಿ ಸಹಾಯಕರು ಏನು ಮಾಡಬಹುದು ಎಂಬುದನ್ನು ಆಯಾ ರಾಜ್ಯದ ಕಾನೂನು ನಿರ್ಧರಿಸುತ್ತದೆ, ರಾಜ್ಯದಿಂದ ರಾಜ್ಯಕ್ಕೆ ಅದು ಬೇರೆ. ಉದಾಹರಣೆಗೆ ಕ್ಯಾಲಿಫೋರ್ನಿಯಾದಲ್ಲಿ ಆರ್ಥೊಡಾಂಟಿಕ್ ಸಹಾಯಕರಿಗೆಂದೇ ಪ್ರತ್ಯೇಕ ಪರವಾನಗಿ ಇದೆ. ಬ್ರಿಟನ್ನಿನಲ್ಲಿ ಆರ್ಥೊಡಾಂಟಿಕ್ ಥೆರಪಿಸ್ಟ್ ಎಂಬ ವರ್ಗವೇ ಇದ್ದು, ಅವರು ಅಲ್ಲಿನ ಜನರಲ್ ಡೆಂಟಲ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡು, ದಂತವೈದ್ಯರು ಬರೆದುಕೊಟ್ಟ ಸೂಚನೆಯ ಪ್ರಕಾರ ವೈರ್ ಹಾಕುವುದು, ತೆಗೆಯುವುದು, ಬ್ರಾಕೆಟ್ ಅಂಟಿಸುವುದನ್ನೂ ಮಾಡುತ್ತಾರೆ. ಅಂದರೆ ಕೆಲಸವನ್ನು ಸಹಾಯಕರಿಗೆ ವಹಿಸುವುದು ಅಲ್ಲೂ ಉಂಟು. ಜೊತೆಗೆ ತರಬೇತಿ, ಪರೀಕ್ಷೆ ಮತ್ತು ನೋಂದಣಿಯೂ ಉಂಟು. ಇಲ್ಲಿ ವೈದ್ಯರ ಕಣ್ಣೇ ಆ ಎಲ್ಲದರ ಜಾಗದಲ್ಲಿ ನಿಲ್ಲಬೇಕಾಗಿರುವುದರಿಂದ ಆ ಕಣ್ಣು ಅಲ್ಲಿಗಿಂತ ಇಲ್ಲಿ ಹೆಚ್ಚು ಎಚ್ಚರವಾಗಿರಬೇಕು.

ಇನ್ನೊಂದು ಸಾಧ್ಯತೆಯನ್ನೂ ತಳ್ಳಿಹಾಕಬೇಡಿ. ನಮ್ಮ ಜಿಲ್ಲಾ ಕೇಂದ್ರಗಳ ಅನೇಕ ಕ್ಲಿನಿಕ್‌ಗಳಲ್ಲಿ ಕ್ಲಿಪ್ ತಜ್ಞರು ವಾರಕ್ಕೊಮ್ಮೆಯೋ ತಿಂಗಳಿಗೆರಡು ಸಲವೋ ಬಂದು ಹೋಗುವವರಾಗಿರುತ್ತಾರೆ. ಉಳಿದ ದಿನಗಳಲ್ಲಿ ಅಲ್ಲಿರುವ ಬಿಡಿಎಸ್ ವೈದ್ಯರು ಅವರ ಸೂಚನೆಯಂತೆ ಕೆಲಸ ಮುಂದುವರಿಸುತ್ತಾರೆ. ಹಸಿರು ಗೌನು ತೊಟ್ಟ ಯುವತಿಯರೆಲ್ಲ ರೋಗಿಗಳ ಕಣ್ಣಿಗೆ “ಸಿಸ್ಟರ್”ಗಳೇ. ಹಾಗೆ ಕರೆಸಿಕೊಂಡ ನನ್ನ ಕಿರಿಯ ಸಹೋದ್ಯೋಗಿಗಳು ಬೇಸರಪಟ್ಟುಕೊಂಡದ್ದೂ ಉಂಟು. ಯಾರು ಪಿಯುಸಿ, ಯಾರು ಬಿಡಿಎಸ್ ಎಂಬುದನ್ನು ಕ್ಲಿನಿಕ್ಕಿನವರನ್ನೇ ನೇರವಾಗಿ ಕೇಳಿ. ಕೇಳಿದ್ದಕ್ಕೆ ಯಾರೂ ಕೋಪಿಸಿಕೊಳ್ಳಬಾರದು.

ನನ್ನ ಗೆರೆ ಎಲ್ಲಿದೆ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಉಂಗುರ ಬಿಡಿಸುವುದು, ವೈರ್ ತೆಗೆಯುವುದು, ನಾನು ಆರಿಸಿಕೊಟ್ಟ ಮೆತ್ತನೆಯ ವೈರನ್ನು ನನ್ನ ಕಣ್ಣಳತೆಯಲ್ಲೇ ಕೂರಿಸಿ ಉಂಗುರ ತೊಡಿಸುವುದು, ಫೋಟೊ ತೆಗೆಯುವುದು, ಮಗುವಿಗೆ ಬ್ರಷ್ ಮಾಡುವ ಕ್ರಮವನ್ನೂ ಎಲಾಸ್ಟಿಕ್ ಹಾಕಿಕೊಳ್ಳುವುದನ್ನೂ ಕಲಿಸುವುದು ಸಹಾಯಕಿಗೆ ಬಿಡಬಹುದಾದ ಕೆಲಸಗಳು. ಬ್ರಾಕೆಟ್ ಎಲ್ಲಿ ಕೂರಬೇಕೆಂದು ಗುರುತಿಸಿ ಅಂಟಿಸುವುದು, ವೈರನ್ನು ಬಗ್ಗಿಸುವುದು, ಜಾಗ ಮುಚ್ಚಲು ಸ್ಪ್ರಿಂಗ್ ಅಥವಾ ಪವರ್ ಚೈನ್ ಎಂಬ ರಬ್ಬರ್ ಸರಪಳಿಯನ್ನು ಎಷ್ಟು ಎಳೆಯಬೇಕೆಂದು ನಿರ್ಧರಿಸುವುದು, ಕೊನೆಗೆ ಬ್ರಾಕೆಟ್ ತೆಗೆದ ಮೇಲೆ ಹಲ್ಲಿಗಂಟಿದ ಕಾಂಪೊಸಿಟ್ ಎಂಬ ಅಂಟನ್ನು ಡ್ರಿಲ್ಲಿನಲ್ಲಿ ತಿರುಗುವ ಬರ್‌ನಿಂದ ಉಜ್ಜಿ ತೆಗೆಯುವುದು ವೈದ್ಯರ ಕೈಯಲ್ಲೇ ಆಗಬೇಕು. ಕೊನೆಯದರಲ್ಲಿ ಕೈ ತಪ್ಪಿದರೆ ಹೋಗುವುದು ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್, ಅದು ಮತ್ತೆ ಬೆಳೆಯುವುದಿಲ್ಲ.

ಈಗ ಬಿದ್ದ ಬ್ರಾಕೆಟ್‌ಗಳ ವಿಷಯ. ನೀವು ಪಾವಗಡದ ಕಡೆಯವರು ಎಂದು ಓದಿದ ಕೂಡಲೇ ನನಗೆ ಹೊಳೆದದ್ದು ಸಹಾಯಕಿಯ ಕೈಯಲ್ಲ, ನಿಮ್ಮ ಊರಿನ ಕೊಳವೆಬಾವಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರತಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಪಾವಗಡದ ಸುತ್ತಮುತ್ತ, ಹಾಗೆಯೇ ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರಿನ ಕಡೆ ಅನೇಕ ಊರುಗಳ ಅಂತರ್ಜಲ ಈ ಮಿತಿಯನ್ನು ದಾಟಿರುವುದು ಹಳೆಯ ಸಂಗತಿ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಎಳೆಯ ವರ್ಷಗಳಲ್ಲಿ ಅಂಥ ನೀರು ಕುಡಿದ ಮಕ್ಕಳ ಎನಾಮೆಲ್‌ನಲ್ಲಿ ಸುಣ್ಣದಂಥ ಬಿಳಿ ಗೆರೆಗಳೋ ಕಂದು ಕಲೆಗಳೋ ಕಾಣುತ್ತವೆ. ಈಗ ಮನೆಗೆ ಶುದ್ಧೀಕರಿಸಿದ ನೀರು ತಂದರೂ ಆಗಲೇ ಮೂಡಿದ ಹಲ್ಲು ಬದಲಾಗುವುದಿಲ್ಲ.

ಇದಕ್ಕೂ ಬ್ರಾಕೆಟ್‌ಗೂ ಸಂಬಂಧವೇನೆಂದರೆ, ಅಂಟಿಸುವ ಮೊದಲು ಹಲ್ಲಿನ ಮೇಲ್ಮೈಗೆ ಸಾಮಾನ್ಯವಾಗಿ ಶೇ 37ರ ಫಾಸ್ಫಾರಿಕ್ ಆಮ್ಲವನ್ನು ಹದಿನೈದರಿಂದ ಮೂವತ್ತು ಸೆಕೆಂಡು ಹಚ್ಚಿ ತೊಳೆಯುತ್ತಾರೆ. ಆಮ್ಲ ಎನಾಮೆಲ್‌ನಲ್ಲಿ ಕಣ್ಣಿಗೆ ಕಾಣದ ಸಣ್ಣ ಕುಳಿಗಳನ್ನು ಮಾಡುತ್ತದೆ. ಒಣಗಿಸಿದಾಗ ಮೇಲ್ಮೈ ಹೊಳಪು ಕಳೆದುಕೊಂಡು ಮಂಜು ಕವಿದಂತೆ ಬಿಳುಪಾಗುತ್ತದೆ. ಆ ಕುಳಿಗಳೊಳಗೆ ಅಂಟು ಇಳಿದು ನೀಲಿ ಬೆಳಕಿಗೆ ಗಟ್ಟಿಯಾಗುವುದರಿಂದಲೇ ಬ್ರಾಕೆಟ್ ನಿಲ್ಲುತ್ತದೆ. ಫ್ಲೋರೋಸಿಸ್ ಆದ, ಅಂದರೆ ಫ್ಲೋರೈಡ್ ಹೆಚ್ಚಾಗಿ ಹೀಗೆ ಕಲೆಗೊಂಡ ಹಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಬಗ್ಗದು. ಅಂಥ ಹಲ್ಲಿಗೆ ಹೆಚ್ಚು ಹೊತ್ತು ಆಮ್ಲ ಹಚ್ಚುವುದು, ಹೊರಪದರವನ್ನು ಮೊದಲು ತುಸು ಉಜ್ಜಿಕೊಳ್ಳುವುದು ಮುಂತಾದ ಬೇರೆ ಕ್ರಮ ಬೇಕಾಗುತ್ತದೆ. ಇದು ವೈದ್ಯರು ಮೊದಲೇ ಗುರುತಿಸಿ ತೀರ್ಮಾನಿಸಬೇಕಾದ ಸಂಗತಿ. ಮಗಳ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಗೆರೆಗಳಿದ್ದರೆ ಮುಂದಿನ ಭೇಟಿಯಲ್ಲಿ ಅದನ್ನು ತೋರಿಸಿಯೇ ಕೇಳಿ.

ನೀವು ಎರಡು ಸಲವೂ ಬಿದ್ದದ್ದು ಕೆಳಗಿನ ಸಾಲಿನದು ಎಂದಿದ್ದೀರಿ. ಮೇಲಿನ ಹಲ್ಲುಗಳು ಕೆಳಗಿನವನ್ನು ಹೆಚ್ಚಾಗಿ ಮುಚ್ಚಿಕೊಂಡಿದ್ದರೆ, ಅಂದರೆ ಡೀಪ್ ಬೈಟ್ ಇದ್ದರೆ, ಅಗಿಯುವಾಗಲೆಲ್ಲ ಮೇಲಿನ ಹಲ್ಲಿನ ಅಂಚು ಕೆಳಗಿನ ಬ್ರಾಕೆಟ್‌ಗೆ ಬಡಿಯುತ್ತಿರುತ್ತದೆ. ಎಷ್ಟು ಚೆನ್ನಾಗಿ ಅಂಟಿಸಿದರೂ ಆ ಪೆಟ್ಟಿಗೆ ಅದು ನಿಲ್ಲದು. ಕೆಲವು ತಿಂಗಳು ದವಡೆ ಹಲ್ಲುಗಳ ಮೇಲೆ ಹಲ್ಲಿನ ಸಿಮೆಂಟಿನ ಸಣ್ಣ ದಿಬ್ಬ ಇಟ್ಟು ಕಚ್ಚುವಿಕೆಯನ್ನು ಎತ್ತರಿಸಬೇಕಾಗುತ್ತದೆ. ಮೇಲಿನ ಎರಡೇ ಹಲ್ಲು ಕಿತ್ತಿದ್ದಾರೆಂದರೆ ಮುಂದಿನ ಹಲ್ಲುಗಳು ಉಬ್ಬಿದ್ದವು ಎಂದು ಊಹಿಸುತ್ತೇನೆ. ಅಂಥ ಮಕ್ಕಳಲ್ಲಿ ಡೀಪ್ ಬೈಟ್ ಅಪರೂಪವಲ್ಲ.

ಸಹಾಯಕಿಯ ಪಾತ್ರ ಇಲ್ಲಿ ಇಲ್ಲವೆಂದಲ್ಲ. ಕೆಳಗಿನ ಸಾಲು ನಾಲಿಗೆಗೂ ಎಂಜಲಿಗೂ ಹತ್ತಿರ. ಆಮ್ಲ ತೊಳೆದು ಒಣಗಿಸಿದ ಹಲ್ಲಿಗೆ ಅಂಟು ಹಚ್ಚುವ ಮೊದಲು ಕ್ಷಣಮಾತ್ರ ಎಂಜಲು ತಗಲಿದರೂ ಆ ಜೋಡಣೆ ದುರ್ಬಲವಾಗುತ್ತದೆ, ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ. ವೈದ್ಯರು ಬ್ರಾಕೆಟ್ ಹಿಡಿದಿರುವಾಗ ಕೆನ್ನೆಯನ್ನು ಹಿಂದಕ್ಕೆ ಹಿಡಿದು, ಎಂಜಲು ಹೀರುವ ಕೊಳವೆಯನ್ನು ಸರಿಯಾದ ಜಾಗದಲ್ಲಿಟ್ಟು, ಮಗುವಿನ ನಾಲಿಗೆ ಏಳುವ ಮುನ್ನವೇ ಅದನ್ನು ಗ್ರಹಿಸುವುದು ಸಹಾಯಕಿಯ ಕೆಲಸ. ಬ್ರಾಕೆಟ್ ನಿಲ್ಲುವುದೂ ಬೀಳುವುದೂ ಬಹಳ ಮಟ್ಟಿಗೆ ಆ ಕ್ಷಣಗಳಲ್ಲೇ ತೀರ್ಮಾನವಾಗುತ್ತದೆ. ಗಡಿಬಿಡಿಯ ಭಾನುವಾರ ಒಬ್ಬಳೇ ಮೂರು ಕುರ್ಚಿ ನೋಡಿಕೊಳ್ಳುವಂತಾದರೆ ಇದೇ ಮೊದಲು ಕೆಡುತ್ತದೆ. ಚಕ್ಕುಲಿ, ನಿಪ್ಪಟ್ಟು, ಚಿಕ್ಕಿ, ಕಬ್ಬು, ಇಡಿಯಾಗಿ ಕಚ್ಚುವ ಸೀಬೆಕಾಯಿ ಇವುಗಳ ಪಾಲೂ ಇದೆ. ಮಗಳನ್ನು ಒಮ್ಮೆ ಪ್ರೀತಿಯಿಂದಲೇ ವಿಚಾರಿಸಿ ನೋಡಿ.

ವೈರ್ ಚುಚ್ಚಿದ್ದು ಹತ್ತು ದಿನದ ನಂತರ ಎಂಬ ವಿವರ ಮುಖ್ಯವಾದದ್ದು. ಕ್ಲಿನಿಕ್‌ನಿಂದ ಮನೆ ತಲುಪುವಷ್ಟರಲ್ಲೇ ಚುಚ್ಚಿದ್ದರೆ ತುದಿಯನ್ನು ಸರಿಯಾಗಿ ಕತ್ತರಿಸಿಲ್ಲ, ಕಳುಹಿಸುವ ಮುನ್ನ ಬೆರಳಾಡಿಸಿ ನೋಡಿಲ್ಲ ಎಂದೇ ಅರ್ಥ. ಹತ್ತು ದಿನಕ್ಕೆ ಚುಚ್ಚಿದರೆ ಹೆಚ್ಚಾಗಿ ಕಾರಣ ಬೇರೆ. ಸೊಟ್ಟಗಿದ್ದ ಹಲ್ಲುಗಳು ನೇರವಾಗುತ್ತ ಬಂದಂತೆ ಅವುಗಳ ನಡುವೆ ಅಂಕುಡೊಂಕಾಗಿ ಸಾಗಿದ್ದ ವೈರ್ ನೆಟ್ಟಗಾಗಿ, ಉಳಿದ ಉದ್ದ ಹಿಂದಿನ ದವಡೆ ಹಲ್ಲಿನ ಕೊಳವೆಯಿಂದ ಹೊರಗೆ ಬರುತ್ತದೆ. ದುಂಡು ವೈರ್ ಒಂದು ಪಕ್ಕಕ್ಕೆ ಜಾರುವುದೂ ಉಂಟು. ನಿಕ್ಕಲ್ ಟೈಟಾನಿಯಂ ವೈರಿನ ತುದಿಯನ್ನು ಕಾಯಿಸಿ ಮೆತ್ತಗೆ ಮಾಡದೆ ಬಗ್ಗಿಸಲು ಆಗದಿರುವುದರಿಂದ, ಕೆಲವರು ಮುಂಭಾಗದಲ್ಲಿ ಒಂದು ಸಣ್ಣ ತಡೆ ಹಾಕುತ್ತಾರೆ. ಅದನ್ನು ಹಾಕಲು ಕೇಳಬಹುದು. ಮನೆಯಲ್ಲಿ ಚುಚ್ಚಿದಾಗ ಆ ಜಾಗವನ್ನು ಒರೆಸಿ ಒಣಗಿಸಿ, ಕ್ಲಿನಿಕ್ಕಿನವರು ಕೊಟ್ಟ ಮೇಣವನ್ನು ಅವರೆಕಾಳಿನಷ್ಟು ಉಂಡೆ ಮಾಡಿ ತುದಿಯ ಮೇಲೆ ಒತ್ತಿ, ಮರುದಿನ ಕರೆದುಕೊಂಡು ಹೋಗಿ. ನೇಲ್ ಕಟರ್‌ನಿಂದ ಕತ್ತರಿಸಲು ಹೋಗಬೇಡಿ. ಕತ್ತರಿಸಿದ ತುಂಡು ಗಂಟಲಿಗೆ ಜಾರಬಹುದು. ಬಿದ್ದ ಬ್ರಾಕೆಟ್ ನುಂಗಿಹೋದರೆ ಸಾಮಾನ್ಯವಾಗಿ ಮಲದಲ್ಲಿ ಹೊರಹೋಗುತ್ತದೆ, ಆದರೂ ವೈದ್ಯರಿಗೆ ತಿಳಿಸಿ. ನುಂಗಿದಾಗ ಕೆಮ್ಮು ಹತ್ತಿದರೆ ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಈಗ ಇಕ್ಕಳಕ್ಕೆ ಬರುತ್ತೇನೆ. ಸ್ಪಿರಿಟ್ ಹಾಕಿ ಒರೆಸುವುದು ಶುದ್ಧೀಕರಣ ಅಲ್ಲ. ಅದು ಸೂಕ್ಷ್ಮಾಣುಗಳ ಬೀಜಕಗಳನ್ನು ಕೊಲ್ಲದು. ಎಂಜಲು ಅಥವಾ ರಕ್ತ ಒಣಗಿ ಅಂಟಿದ್ದರೆ ಅದರಡಿಗೆ ತಲುಪುವುದೂ ಇಲ್ಲ. ಕ್ಲಿಪ್ ಕೆಲಸದಲ್ಲಿ ರಕ್ತ ಬರುವುದಿಲ್ಲ, ಹಾಗಾಗಿ ಪರವಾಗಿಲ್ಲ ಎಂಬ ಮಾತು ವೃತ್ತಿಯವರ ಬಾಯಲ್ಲೇ ಕೇಳಿದ್ದೇನೆ. ಬ್ರಷ್ ಸರಿಯಾಗಿ ಮಾಡದ ಮಕ್ಕಳ ಊದಿದ ವಸಡು ಮುಟ್ಟಿದರೆ ಸಾಕು ರಕ್ತ ಬರುತ್ತದೆ, ವೈರಿನ ತುದಿ ಕೆನ್ನೆಯನ್ನು ಗೀರುತ್ತದೆ. ಹೆಪಟೈಟಿಸ್ ಬಿ ವೈರಸ್ಸಿಗೆ ಬೇಕಾಗುವ ರಕ್ತ ಬಹಳ ಕಡಿಮೆ. ಇಕ್ಕಳವನ್ನು ಮೊದಲು ತೊಳೆದು ಅಥವಾ ಅಲ್ಟ್ರಾಸಾನಿಕ್ ಯಂತ್ರದಲ್ಲಿಟ್ಟು ಕೊಳೆ ಬಿಡಿಸಿ, ಒಣಗಿಸಿ, ಪೊಟ್ಟಣದಲ್ಲಿ ಮುಚ್ಚಿ ಆಟೊಕ್ಲೇವ್‌ನಲ್ಲಿ ಇಡಬೇಕು. ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ಗೆ ಕನಿಷ್ಠ ಹದಿನೈದು ನಿಮಿಷ, ಪೊಟ್ಟಣದಲ್ಲಿದ್ದರೆ ಯಂತ್ರಕ್ಕೆ ಅನುಗುಣವಾಗಿ ಇನ್ನಷ್ಟು ಹೊತ್ತು. 134 ಡಿಗ್ರಿಯ ಯಂತ್ರಗಳಲ್ಲಿ ಕಡಿಮೆ ಸಮಯ ಸಾಕು. ಬಿಸಿಯಾಗುವುದಕ್ಕೂ ಒಣಗುವುದಕ್ಕೂ ಹಿಡಿಯುವ ಹೊತ್ತು ಇದರಲ್ಲಿ ಸೇರಿಲ್ಲ. ಹಾಗಾಗಿ ಒಂದು ಸುತ್ತಿಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ.

ಭಾನುವಾರದ ಸಮಸ್ಯೆಯ ಬೇರು ಇಲ್ಲೇ ಇದೆ. ಗಂಟೆಗೆ ಆರು ಮಕ್ಕಳು ಬರುತ್ತಾರೆ, ಇಕ್ಕಳದ ಸೆಟ್ ಮೂರೇ ಇವೆ ಎಂದರೆ ಲೆಕ್ಕ ಹೊಂದುವುದಿಲ್ಲ. ಆಗ ಸ್ಪಿರಿಟ್ ಹತ್ತಿ ಹೊರಬರುತ್ತದೆ. ಒಳ್ಳೆಯ ಇಕ್ಕಳಗಳು ದುಬಾರಿ, ಪದೇ ಪದೇ ಹಬೆಯಲ್ಲಿಟ್ಟರೆ ಕೀಲಿನಲ್ಲಿ ತುಕ್ಕು ಹಿಡಿದು ಬಾಯಿ ಮೊಂಡಾಗುತ್ತದೆ ಎಂಬ ಭಯವೂ ಮಾಲೀಕರಿಗಿರುತ್ತದೆ. ಸೆಟ್‌ಗಳನ್ನು ಕೊಳ್ಳಬೇಕಾದವರು ಅವರು, ಒರೆಸಿದ ಸಹಾಯಕಿ ಅಲ್ಲ. ಗ್ಲುಟರಾಲ್ಡಿಹೈಡ್ ಎಂಬ ಸೂಕ್ಷ್ಮಾಣುನಾಶಕ ದ್ರಾವಣದಲ್ಲಿ ಅದ್ದಿಡುತ್ತೇವೆ ಎಂದು ಉತ್ತರ ಬಂದರೆ, ಶೇ 2ರ ದ್ರಾವಣದಲ್ಲಿ ಪೂರ್ಣ ಶುದ್ಧೀಕರಣಕ್ಕೆ ಸುಮಾರು ಹತ್ತು ಗಂಟೆ ಬೇಕು ಎಂಬುದು ನಿಮಗೆ ತಿಳಿದಿರಲಿ. ಎರಡು ರೋಗಿಗಳ ನಡುವೆ ಅದ್ದಿ ತೆಗೆಯುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ನೀವು ಕಂಡದ್ದು ನಿಜವೇ ಎಂದು ನಾನು ಇಲ್ಲಿಂದ ಹೇಳಲಾರೆ. ಒಂದು ಸೆಟ್ ಒಳಗಿಟ್ಟು ಇನ್ನೊಂದನ್ನು ತಂದಿರಲೂಬಹುದು. ಮುಂದಿನ ಸಲ ಮಗಳು ಕುರ್ಚಿಯಲ್ಲಿ ಕೂತಾಗ “ಸೆಟ್ಟನ್ನು ನಮ್ಮೆದುರೇ ತೆರೆಯುತ್ತೀರಾ?” ಎಂದು ಕೇಳಿ. ಮುಚ್ಚಿದ ಪೊಟ್ಟಣದ ಮೇಲಿನ ಗುರುತು ಹಬೆ ತಗಲಿ ಬಣ್ಣ ಬದಲಿಸಿರಬೇಕು. ಆ ಬಣ್ಣ ಯಂತ್ರದೊಳಗೆ ಹೋಗಿಬಂದದ್ದನ್ನಷ್ಟೇ ತೋರಿಸುತ್ತದೆ, ಆದರೂ ಅಷ್ಟಾದರೂ ಇರಲಿ. ತೆಗೆದ ಹಳೆಯ ವೈರ್ ತುಂಡುಗಳು ಎಲ್ಲಿ ಬೀಳುತ್ತವೆ ಎಂಬುದನ್ನೂ ನೋಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಚೂಪಾದ ಲೋಹವನ್ನು ಚುಚ್ಚಿ ಹೊರಬರದ ಬಿಳಿ ಅರೆಪಾರದರ್ಶಕ ಡಬ್ಬಿಯಲ್ಲಿ ಹಾಕಬೇಕು. ಅದನ್ನು ಸರಿಯಾಗಿ ಪಾಲಿಸುವ ಕ್ಲಿನಿಕ್ ಉಳಿದದ್ದರಲ್ಲೂ ಸಾಮಾನ್ಯವಾಗಿ ಶಿಸ್ತಿನದೇ. ಪೊಟ್ಟಣ ತೋರಿಸಲು ಒಪ್ಪದಿದ್ದರೆ ಅಥವಾ ಒರೆಸಿದ ಇಕ್ಕಳವೇ ಮತ್ತೆ ಬಂದರೆ, ನೀವು ಕ್ಲಿನಿಕ್ ಬದಲಿಸಲು ಅದೊಂದೇ ಕಾರಣ ಸಾಕು. ಈ ನಡುವೆ ಮಗಳಿಗೆ ಹೆಪಟೈಟಿಸ್ ಬಿ ಲಸಿಕೆ ಪೂರ್ತಿಯಾಗಿದೆಯೇ ಎಂದು ಅವಳ ಲಸಿಕೆ ಕಾರ್ಡಿನಲ್ಲಿ ನೋಡಿಕೊಳ್ಳಿ. ಆಗಿಲ್ಲದಿದ್ದರೆ ಮಕ್ಕಳ ವೈದ್ಯರನ್ನು ಕಾಣಿ.

ಹಾಗಾದರೆ ಮುಂದೇನು? ಮೊದಲು ವೈದ್ಯರೊಂದಿಗೇ ಮಾತನಾಡಿ ಎಂಬುದು ನನ್ನ ಸಲಹೆ. ಭಾನುವಾರ ಬೇಡ, ಜನ ಕಡಿಮೆ ಇರುವ ವಾರದ ದಿನದಲ್ಲಿ ಸಮಯ ಕೇಳಿ. ಚಿಕಿತ್ಸೆ ಯಾವ ಹಂತದಲ್ಲಿದೆ, ಜಾಗ ಎಷ್ಟು ಮುಚ್ಚಬೇಕಿದೆ, ಕೆಳಗಿನ ಬ್ರಾಕೆಟ್ ಬೀಳುವುದಕ್ಕೆ ಏನು ಕಾರಣವೆಂದು ಅವರು ತಿಳಿದಿದ್ದಾರೆ, ವೈರ್ ಬಿಚ್ಚಿದ ಮೇಲೂ ಕೊನೆಯಲ್ಲೂ ಅವರೇ ನೋಡುತ್ತಾರೆಯೇ ಎಂದು ಕೇಳಿ. ಉತ್ತರಗಳು ನಿರ್ದಿಷ್ಟವಾಗಿದ್ದರೆ ಅಲ್ಲೇ ಮುಂದುವರಿಯುವುದು ಎಲ್ಲಕ್ಕಿಂತ ಕಡಿಮೆ ಅಪಾಯದ ದಾರಿ. ಹೀಗೆ ಕೇಳಿದರೆ ಮಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೇನೋ ಎಂಬ ಅಳುಕು ಅನೇಕ ಪೋಷಕರಿಗಿರುತ್ತದೆ. ನನ್ನ ಅನುಭವದಲ್ಲಿ, ಪ್ರಶ್ನೆ ಕೇಳುವ ತಾಯಿಯ ಮಗುವಿನ ಹಾಳೆಯನ್ನು ಎಲ್ಲರೂ ಇನ್ನೊಮ್ಮೆ ತಿರುವಿ ನೋಡುತ್ತಾರೆ.

ಸಮಾಧಾನವಾಗದಿದ್ದರೆ ಬದಲಿಸುವ ಮೊದಲು ಇನ್ನೊಬ್ಬ ಎಂಡಿಎಸ್ ಆರ್ಥೊಡಾಂಟಿಸ್ಟ್ ಅವರ ಅಭಿಪ್ರಾಯ ಪಡೆಯಿರಿ. ಆರಂಭದ ಫೋಟೊಗಳು, ಎಕ್ಸ್‌ರೇಗಳು, ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್, ಈವರೆಗೆ ಹಾಕಿದ ವೈರ್‌ಗಳ ವಿವರ, ಕಟ್ಟಿದ ಹಣದ ರಸೀದಿ ಇವುಗಳ ಪ್ರತಿಗಳನ್ನು ಕೇಳಿ ಪಡೆಯಬಹುದು. ನಡುವೆ ಕ್ಲಿನಿಕ್ ಬದಲಿಸುವುದರಲ್ಲಿ ನಿಜವಾದ ನಷ್ಟಗಳಿವೆ. ಬ್ರಾಕೆಟ್‌ನ ಸೀಳು 0.018 ಅಥವಾ 0.022 ಇಂಚಿನದ್ದಾಗಿರುತ್ತದೆ, ಅದರೊಳಗಿನ ಓರೆಕೋನಗಳೂ ತಯಾರಿಕೆಯಿಂದ ತಯಾರಿಕೆಗೆ ಬೇರೆ. ಹೊಸ ವೈದ್ಯರು ತಮ್ಮ ಪದ್ಧತಿಯ ಬ್ರಾಕೆಟ್‌ಗಳನ್ನು ಮತ್ತೆ ಅಂಟಿಸಬೇಕೆನ್ನಬಹುದು. ಹಣ ಮತ್ತೆ ಕಟ್ಟಬೇಕಾಗುತ್ತದೆ, ಕೆಲವು ತಿಂಗಳು ಹೋಗುತ್ತವೆ. ಆದರೆ ಬದಲಿಸುವವರೆಗೆ ತಪಾಸಣೆ ಬಿಟ್ಟು ಮನೆಯಲ್ಲಿ ಕೂರುವುದು ಇನ್ನೂ ಕೆಟ್ಟದ್ದು: ಬಾಯಲ್ಲಿರುವ ವೈರ್ ಯಾರೂ ನೋಡದಿದ್ದರೂ ಕೆಲಸ ಮಾಡುತ್ತಲೇ ಇರುತ್ತದೆ, ಬಿದ್ದ ಬ್ರಾಕೆಟ್‌ನ ಹಲ್ಲು ಸಾಲು ತಪ್ಪುತ್ತದೆ, ಕಿತ್ತ ಜಾಗ ಅರ್ಧಕ್ಕೆ ನಿಲ್ಲುತ್ತದೆ. ಬೇಗ ಮುಗಿಯಲಿ ಎಂದು ಹೆಚ್ಚು ಬಿಗಿ ಮಾಡಿಸಿಕೊಳ್ಳುವುದೂ ಪರಿಹಾರವಲ್ಲ. ಹಲ್ಲು ಸರಿಯಬೇಕಾದರೆ ಒಂದು ಬದಿಯ ಮೂಳೆ ಕರಗಿ ಇನ್ನೊಂದು ಬದಿಯಲ್ಲಿ ಕೂಡಬೇಕು, ಅದು ತಿಂಗಳಿಗೆ ಸುಮಾರು 1 ಮಿಲಿಮೀಟರ್ ವೇಗದಲ್ಲೇ ನಡೆಯುತ್ತದೆ. ಬಲ ಹೆಚ್ಚಿಸಿದರೆ ನೋವು ಹೆಚ್ಚುತ್ತದೆ, ಹಲ್ಲಿನ ಬೇರು ಸವೆಯುವ ಅಪಾಯವೂ ಹೆಚ್ಚುತ್ತದೆ. ಕಿತ್ತ ಹಲ್ಲಿನ ಜಾಗ ಸುಮಾರು 7 ಮಿಲಿಮೀಟರ್ ಇರುತ್ತದೆ ಎಂಬುದನ್ನು ಇದರೊಂದಿಗೆ ಇಟ್ಟು ನೋಡಿದರೆ, ಇನ್ನೆಷ್ಟು ತಿಂಗಳು ಎಂಬ ಅಂದಾಜು ನಿಮಗೇ ಸಿಗುತ್ತದೆ.

ದಂತ ವೈದ್ಯಕೀಯ ಕಾಲೇಜುಗಳ ಆರ್ಥೊಡಾಂಟಿಕ್ಸ್ ವಿಭಾಗ ಇನ್ನೊಂದು ದಾರಿ. ಅಲ್ಲಿ ವೈರ್ ಹಾಕುವವರು ಸ್ನಾತಕೋತ್ತರ ವಿದ್ಯಾರ್ಥಿಗಳು, ಅಂದರೆ ಬಿಡಿಎಸ್ ಮುಗಿಸಿದ ವೈದ್ಯರೇ. ಮೇಲೆ ಪ್ರಾಧ್ಯಾಪಕರ ಪರಿಶೀಲನೆ ಇರುತ್ತದೆ, ಖರ್ಚೂ ಸಾಮಾನ್ಯವಾಗಿ ಕಡಿಮೆ. ಆದರೆ ಒಂದೊಂದು ಭೇಟಿಗೆ ಅರ್ಧ ದಿನ ಹೋಗುತ್ತದೆ, ವಾರದ ದಿನಗಳಲ್ಲೇ ಹೋಗಬೇಕಾಗಿ ಶಾಲೆ ತಪ್ಪುತ್ತದೆ, ವಿದ್ಯಾರ್ಥಿಯ ಮೂರು ವರ್ಷ ಮುಗಿದರೆ ನಿಮ್ಮ ಮಗಳ ಹಾಳೆ ಕಿರಿಯರೊಬ್ಬರ ಕೈಗೆ ಹೋಗುತ್ತದೆ. ಮುಂದಿನ ವರ್ಷ ಅವಳಿಗೆ ಹತ್ತನೇ ತರಗತಿ ಇರಬಹುದು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ವೈದ್ಯರಿಲ್ಲದೆಯೇ ಚಿಕಿತ್ಸೆ ನಡೆಯುತ್ತಿದೆ ಅಥವಾ ಶುದ್ಧೀಕರಣ ನಡೆಯುತ್ತಲೇ ಇಲ್ಲ ಎಂಬುದು ಖಚಿತವಾದರೆ ಕರ್ನಾಟಕ ರಾಜ್ಯ ದಂತ ಪರಿಷತ್ತಿಗೆ ಬರೆದುಕೊಡಬಹುದು; ಅದಕ್ಕಾಗಿ ವೈದ್ಯರ ನೋಂದಣಿ ಸಂಖ್ಯೆಯನ್ನು ಗುರುತು ಮಾಡಿಕೊಳ್ಳಿ. ಹಣ ಕಟ್ಟಿ ಪಡೆದ ಸೇವೆಯಲ್ಲಿ ಲೋಪವಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ದಾರಿಯೂ ಇದೆ. ನೀವು ಬರೆದಿರುವಷ್ಟು ವಿವರದ ಮೇಲೆ ನಾನಾದರೆ ಅಲ್ಲಿಯವರೆಗೆ ಹೋಗುವುದಿಲ್ಲ. ಮುಂದಿನ ಭೇಟಿಗೆ ವಾರದ ದಿನವೊಂದನ್ನು ಗೊತ್ತುಮಾಡಿಕೊಂಡು, ಮಗಳ ಹಲ್ಲಿನ ಮೇಲಿನ ಗೆರೆಗಳನ್ನು ತೋರಿಸಿ, ಇಕ್ಕಳದ ಪೊಟ್ಟಣವನ್ನು ಎದುರಿನಲ್ಲೇ ತೆರೆಯಲು ಹೇಳಿ, ವೈದ್ಯರು ಎರಡನೆಯ ಸಲ ಬಂದು ನೋಡುವವರೆಗೆ ಮಗಳನ್ನು ಕುರ್ಚಿಯಿಂದ ಎಬ್ಬಿಸುವುದಿಲ್ಲ.